ಮಗ್ಗದ ಕುಣಿಗೆ ಬಂದ ಕಡಲಹಕ್ಕಿ

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಟ್ರಂಕು ತೆರೆದೆ. ಮೇಲಿನ ಕೌದಿಗಳನ್ನು ಎತ್ತಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಮೀನೆಣ್ಣೆಯಂಥ, ಮುಗ್ಗಿದ ಕಂಬಳಿಯಂಥ, ಒಮ್ಮೆ ಮೂಸಿದವರು ಮರೆಯಲಾರದ ವಾಸನೆ. ಕೆಳಗೆ ಅರ್ಧ ನೇಯ್ದ ಇಳಕಲ್ ಸೀರೆ ಮಡಚಿದಂತೆಯೇ ಇತ್ತು. ವರಾಂಡದ ಕುರ್ಚಿಯಲ್ಲಿ ಕೂತಿದ್ದ ಅಪ್ಪನಿಗೂ ವಾಸನೆ ತಲುಪಿತು. ಎಂಬತ್ತು ದಾಟಿದರೂ ಅವನ ಮೂಗು ಇನ್ನೂ ಚುರುಕು.

"ಆ ನಾತ ಇನ್ನೂ ಹೋಗಿಲ್ಲೇನ? ಅಂಟವಾಳದಾಗ ನೆನಿ ಇಡವಾ. ಒಮ್ಮೆ ತೊಳದರ ಹೋಗತದ," ಎಂದ.

ನಾನು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತೆ. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ, ಹಳೇ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿ ನಾವು ಕಳೆದ ಕಡೆಯ ಮಳೆಗಾಲ, ಆ ಮಡಿಕೆಯೊಳಗಿಂದ ಎದ್ದು ಬಂತು.

ಆಗ ನಾನು ಪಿಯುಸಿ ಎರಡನೇ ವರ್ಷ. ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ವರ್ಷವರ್ಷವೂ ಊರಿನ ಹತ್ತಿರ ಬರುತ್ತಿತ್ತು. ಮೊದಲು ಹೊಲ, ಆಮೇಲೆ ಹೊಳೆಯ ದಾರಿ, ಆಮೇಲೆ ಕೆಳಗಿನ ಓಣಿಗಳು. ಕಣ್ಣು ಹಾಯಿಸಿದಷ್ಟು ದೂರ ನೀರು ಕಂಡಾಗ ನಮ್ಮ ಜನ ಅದಕ್ಕೆ ಸಮುದ್ರ ಎಂದು ಹೆಸರಿಟ್ಟರು. ನಮ್ಮ ಓಣಿಯಲ್ಲಿ ಖರೆ ಸಮುದ್ರ ಕಂಡವರು ಯಾರೂ ಇರಲಿಲ್ಲ. ಅರ್ಧ ಓಣಿ ಆಗಲೇ ಬಾಗಿಲು, ಚೌಕಟ್ಟು, ತೊಲೆ ಕಿತ್ತುಕೊಂಡು, ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೋಗಿತ್ತು. ಬಾಗಿಲಿಲ್ಲದ ಮನೆಗಳೊಳಗೆ ಮಳೆ ಹೋಗಿ ಬರುತ್ತಿತ್ತು.

ಮನೆಯಲ್ಲಿ ನಾವು ಮೂವರು. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ನೇಕಾರರ ಮಗನಾದರೂ ಮಗ್ಗ ಬಿಟ್ಟು ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ನನ್ನನ್ನು ಬೆಳೆಸಿದವಳು ಅವನ ಅಕ್ಕ, ನೀಲವ್ವತ್ತೆ. ಇಳಕಲ್ಲಿಗೆ ಕೊಟ್ಟ ಹೆಣ್ಣು. ಗಂಡ ಸತ್ತ ಮೇಲೆ ಹುನಗುಂದದ ಬಸ್ಸಿಗೆ ಒಂದು ಮಗ್ಗದ ಸಾಮಾನು ಹೇರಿಕೊಂಡು ತವರಿಗೆ ಬಂದವಳು. ಸೆರಗಿನ ಕೆಂಪು ರೇಷ್ಮೆಯ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಸೀರೆಯ ಮೈಯ ಹಾಸಿನ ಜೊತೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನ ಕೆಲಸ ಅವಳ ಬೆರಳಲ್ಲಿತ್ತು. ಅಪ್ಪನ ಓದು ಮುಗಿದದ್ದು ಅದೇ ಬೆರಳಿನ ದುಡಿಮೆಯಿಂದ. ಅಪ್ಪ ಇದನ್ನು ಹೇಳುತ್ತಿರಲಿಲ್ಲ, ಅತ್ತೆಯೂ ಹೇಳುತ್ತಿರಲಿಲ್ಲ. ಹುಸೇನಬಿ ಹೇಳುತ್ತಿದ್ದಳು. ಅವಳು ಪಕ್ಕದ ಮನೆಯ ಮುದುಕಿ, ಬಾಯಿಗೆ ಬೀಗ ಇಲ್ಲದವಳು.

ನಡುಮನೆಯಲ್ಲಿ ಅತ್ತೆಯ ಕುಣಿ ಇತ್ತು. ನೆಲದಲ್ಲಿ ಸೊಂಟದವರೆಗೆ ತೋಡಿದ ತಗ್ಗು. ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತ, ಲಾಳಿ ಎಸೆಯುತ್ತ ಅವಳು ಬೆಳಗಿನಿಂದ ಸಂಜೆಯವರೆಗೆ ನೇಯುತ್ತಿದ್ದಳು. ಹತ್ತು ವರ್ಷದ ಹುಡುಗಿಯಾದಾಗಿನಿಂದ ಹಾಗೆ ಕೂತು ಅವಳ ಮೈಯೇ ಕುಣಿಯ ಅಳತೆಗೆ ಬೆಳೆದಿತ್ತು. ಕುಣಿಯೊಳಗೆ ಅವಳ ಕಾಲು ಹುಡುಗಿಯ ಕಾಲು. ಮೇಲೆ ಬಂದರೆ ಎರಡು ಹೆಜ್ಜೆಗೆ ಒಮ್ಮೆ ಗೋಡೆ ಹಿಡಿಯುತ್ತಿದ್ದಳು. ಮೊಣಕಾಲು ಮಡಚಿ ನೆಲದ ಮೇಲೆ ಕೂಡಲು ಆಗುತ್ತಿರಲಿಲ್ಲ. ಊಟಕ್ಕೂ ಕುಣಿಯ ಅಂಚೇ ಬೇಕು. ಮದುವೆಮನೆಗೆ ಹೋದರೆ ಜನ "ಪಾಪ, ಕುಂಟಿ" ಎನ್ನುತ್ತಿದ್ದರು. ಹಾಗೆಂದವರು ಅವಳನ್ನು ಮಗ್ಗದ ಮೇಲೆ ನೋಡಿದವರಲ್ಲ.

ಆ ವರ್ಷ ಸಮುದ್ರ ನಮ್ಮ ಹೊಸ್ತಿಲಿಗೆ ಬರುವ ಮೊದಲು ಕುಣಿಗೆ ಬಂತು. ನೆಲದೊಳಗಿಂದ ಜಿನುಗಿದ ನೀರು ದಿನಾ ಬೆಳಿಗ್ಗೆ ಕುಣಿಯ ತಳದಲ್ಲಿ ನಿಂತಿರುತ್ತಿತ್ತು. ಅತ್ತೆ ಡಬ್ಬಿಯಿಂದ ಮೊಗೆದು ಹೊರಗೆ ಚೆಲ್ಲಿ, ಬೂದಿ ಹಾಕಿ, ಮತ್ತೆ ಕೂಡುತ್ತಿದ್ದಳು. ಮಗ್ಗದ ಮೇಲೆ ನನ್ನ ಮದುವೆಗೆಂದು ಹೂಡಿದ ಸೀರೆ ಇತ್ತು. ಸೆರಗು ಮುಗಿದು ಮೈ ಅರ್ಧವಾಗಿತ್ತು. ಮುಗಿಸಿಯೇ ಏಳುವುದು ಅವಳ ಹಟ. ಆಮೇಲೆ ನವನಗರದ ಹೊಸ ಮನೆಯಲ್ಲಿ ಹೊಸ ಕುಣಿ. ಅಪ್ಪ ಅಲ್ಲಿ ಮನೆ ಕಟ್ಟಿಸುತ್ತಿದ್ದ. ವಾರಕ್ಕೊಮ್ಮೆ ಹೋಗಿ ಬಂದಾಗ ಅತ್ತೆ ಒಂದೇ ಮಾತು ಕೇಳುತ್ತಿದ್ದಳು.

"ಕುಣಿ ಎಲ್ಲಿ ತೋಡಸ್ತೀಯೊ ತಮ್ಮಾ? ಬೆಳಕು ಎಡಗಡಿಂದ ಬರಬೇಕ ನೋಡು."

"ನಡುಮನ್ಯಾಗ, ಕಿಡಕಿ ಬಾಜೂಕನ ತೋಡಸ್ತೇನಿ ಅಕ್ಕಾ. ನೀ ಯಾಕ ಚಿಂತಿ ಮಾಡ್ತಿ?"

ಅವಳಿಗೆ ಬೇಕಾದದ್ದು ಅಷ್ಟೇ. ಮನೆ ಎಷ್ಟು ದೊಡ್ಡದು, ಎಷ್ಟು ಕೋಣೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ಆಷಾಢದ ಗಾಳಿ ಆ ಸಲ ಹುಚ್ಚು ಹಿಡಿದಂತೆ ಬೀಸಿತು. ಪಶ್ಚಿಮದಿಂದ ಬಂದ ಮೋಡ ನಮ್ಮಲ್ಲಿ ಸಾಮಾನ್ಯವಾಗಿ ಸೋಸಿದ ಹನಿ ಉದುರಿಸಿ ಹೋಗುತ್ತದೆ. ಅವತ್ತು ಹಾಗಾಗಲಿಲ್ಲ. ರಾತ್ರಿಯೆಲ್ಲ ಹೊಡೆದು, ಬೆಳಗಿಗೆ ನಿಂತಾಗ, ಹುಸೇನಬಿ ತನ್ನ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಕಂದುಗಪ್ಪು ಬಣ್ಣದ, ಕಾಗೆಗಿಂತ ಕೊಂಚ ದೊಡ್ಡ ಹಕ್ಕಿ. ಉದ್ದನೆಯ ಸಪೂರ ರೆಕ್ಕೆ, ತುದಿ ಬಾಗಿದ ಕೊಕ್ಕು, ಕೊಕ್ಕಿನ ಮೇಲೆ ಸಣ್ಣ ನಳಿಕೆಯಂಥ ಮೂಗು. ಬೆರಳುಗಳ ನಡುವೆ ಬಾತುಕೋಳಿಗಿರುವಂಥ ತೊಗಲು.

"ಬಿದ್ದ ಗ್ವಾಡಿ ಬಾಜೂಕ ಕುಂತಿತ್ತು. ಕುಂತಿತ್ತು ಏನ, ಎದಿ ಮ್ಯಾಲ ಮಲಗಿತ್ತು. ಇದರ ಕಾಲ ನೋಡ ನೀಲವ್ವಾ, ದೇವರು ಮರ್ತು ಬಾಲದ ಹಂತೇಕ ಹಚ್ಚ್ಯಾನ," ಎಂದಳು ಹುಸೇನಬಿ.

ನೆಲಕ್ಕೆ ಬಿಟ್ಟರೆ ಹಕ್ಕಿ ಏಳಲೇ ಇಲ್ಲ. ಎದೆ ಊರಿ, ರೆಕ್ಕೆ ಬಡಿದು, ತೆವಳಿತು. ನಮಗೆ ಗೊತ್ತಿದ್ದ ಹಕ್ಕಿಗಳೆಂದರೆ ತೊಲೆಯ ಸಂದಿನ ಗುಬ್ಬಿ, ಬೇವಿನ ಮರದ ಗಿಳಿ, ತಿಪ್ಪೆ ಕೆದರುವ ಕೋಳಿ. ಎಲ್ಲವೂ ಕಾಲ ಮೇಲೆ ನಿಲ್ಲುವಂಥವು, ಕುಪ್ಪಳಿಸುವಂಥವು, ಟೊಂಗೆ ಹಿಡಿಯುವಂಥವು. ಇದಕ್ಕೆ ಒಂದೂ ಬರುತ್ತಿರಲಿಲ್ಲ. ಅಪ್ಪ ಕಚೇರಿಗೆ ಹೊರಟವನು ನೋಡಿ, "ಕುಂಟ ಹಕ್ಕಿ. ಸಾಯತದ, ತಿಪ್ಪಿಗೆ ಒಗೀರಿ," ಎಂದ. ಅತ್ತೆ ಅವನ ಕಡೆ ನೋಡಲಿಲ್ಲ. ಕುಂಟಿ ಎಂಬ ಮಾತು ಅವಳಿಗೆ ಹೊಸದಲ್ಲ.

ಅಂದಿನಿಂದ ಶುರುವಾಯಿತು ನಮ್ಮ ಉಪಚಾರ. ಜೋಳ ಹಾಕಿದೆವು, ಮೂಸಲಿಲ್ಲ. ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟೆವು, ಕೊಕ್ಕು ತಿರುಗಿಸಿತು. ಮೂಗಿನ ನಳಿಕೆಯಿಂದ ಹನಿ ಹನಿ ನೀರು ಸುರಿಯುತ್ತಿತ್ತು. ನೆಗಡಿಯಾಗಿದೆ ಎಂದು ಅತ್ತೆ ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಅದರ ಮೂಗಿಗೆ ಹಿಡಿದಳು. ಅದು ನೆಗಡಿಯಲ್ಲ, ಕುಡಿದ ಕಡಲ ನೀರಿನ ಉಪ್ಪನ್ನು ಮೈ ಸೋಸಿ ಹೊರಗೆ ಹಾಕುವ ರೀತಿ ಎಂದು ನನಗೆ ತಿಳಿದದ್ದು ಬಹಳ ಆಮೇಲೆ. ಹುಸೇನಬಿ ಹಿಡಿಯಷ್ಟು ಸಣ್ಣ ಮೀನು ತಂದು ಹಾಕಿದಾಗ ಗಬಗಬ ನುಂಗಿತು. ಮೀನು ಹೊಸ್ತಿಲು ದಾಟದ ಮನೆ ನಮ್ಮದು. ಅಪ್ಪ ಕೂಗಾಡಿದ.

"ನಾವು ತಿಂತೇವೇನ? ಬಂದ ಅತಿಥಿ ಉಣ್ಣೂದನ್ನ ಉಣಸಬೇಕು," ಎಂದಳು ಅತ್ತೆ. ಆದರೂ ಮೀನನ್ನು ಮುಟ್ಟುವ ಧೈರ್ಯ ಅವಳಿಗಿರಲಿಲ್ಲ. ಬಿದಿರಿನ ಕಡ್ಡಿ ಎರಡು ಜೋಡಿಸಿ ಚಿಮಟಿಗೆಯಂತೆ ಹಿಡಿದು ತಿನ್ನಿಸುತ್ತಿದ್ದಳು.

ಹಕ್ಕಿಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟರೆ ಒದ್ದಾಡುತ್ತಿತ್ತು. ಒಂದು ಮಧ್ಯಾಹ್ನ ತೆವಳುತ್ತ ಹೋಗಿ ಕುಣಿಯೊಳಗೆ ಬಿತ್ತು. ಎತ್ತಲು ಹೋದರೆ, ಮೂಲೆಯ ಮಣ್ಣನ್ನು ಕಾಲಿಂದ ಕೆದರಿ, ರೆಕ್ಕೆ ಮಡಚಿ, ನೆಮ್ಮದಿಯಾಗಿ ಕೂತಿತ್ತು. ಮುಂದೆ ಅದೇ ಅದರ ಮನೆ. ಅತ್ತೆ ಹಲಗೆ ತುಳಿಯುವಾಗ ಅವಳ ಹಿಮ್ಮಡಿಯ ಪಕ್ಕದಲ್ಲೇ ಇರುತ್ತಿತ್ತು. ಲಾಳಿಯ ಸದ್ದಿಗೆ ಹೆದರುತ್ತಿರಲಿಲ್ಲ. "ನಂದೂ ನಿಂದೂ ಒಂದ ಬಿಲ," ಎಂದು ಅವಳು ಅದಕ್ಕೆ ಹೇಳುವುದನ್ನು ಕೇಳಿದ್ದೇನೆ. ಅಷ್ಟು ಖುಷಿಯಲ್ಲಿ ಅವಳನ್ನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲಂತೂ ನೋಡಲಿಲ್ಲ.

ನೀರು ಓಣಿಯ ಬಾಯಿಗೆ ಬಂದಾಗ ಜಾಗ ಬಿಡಲೇಬೇಕೆಂದು ಅಧಿಕಾರಿಗಳು ಬಂದು ಹೇಳಿ ಹೋದರು. ಅಪ್ಪ ಟೆಂಪೊ ಗೊತ್ತು ಮಾಡಿ ಬಂದ. ಸೀರೆ ಇನ್ನೂ ಅರ್ಧ. ಮಗ್ಗ ಬಿಚ್ಚುವ ಗದ್ದಲದಲ್ಲಿ ಅಪ್ಪ ಕುಣಿಗೆ ಇಳಿದು ಹಲಗೆ ಎಳೆದ. ಹೆದರಿದ ಹಕ್ಕಿ ಬಾಯಿ ತೆರೆದು ಒಂದು ಪಿಚಕಾರಿ ಎಣ್ಣೆ ಉಗುಳಿತು. ಸ್ವಲ್ಪ ಅಪ್ಪನ ಅಂಗಿಗೆ, ಉಳಿದದ್ದು ಸೀರೆಗೆ. ಮನೆಯೆಲ್ಲ ನಾತ. ಅಪ್ಪ ಬಾವಿಕಟ್ಟೆಯಲ್ಲಿ ಅಂಗಿ ತಿಕ್ಕಿ ತಿಕ್ಕಿ ಸೋತು ಬಂದು ಹೇಳಿದ:

"ಈ ನಾತ ಹೊಸ ಮನಿಗೆ ಬರಬಾರದು. ಅಲ್ಲೆ ಬಾಜೂಕ ಮಾಸ್ತರರು, ಇಂಜಿನೀಯರರು ಇರ್ತಾರ. ಹಕ್ಕಿನ್ನ ನೀರಿಗೆ ಬಿಟ್ಟ ಬರ್ರಿ. ಸೀರಿ ತೊಳೀರಿ, ಇಲ್ಲಾ ಇಲ್ಲೇ ತಿಪ್ಪಿಗೆ ಒಗೀರಿ."

ಅತ್ತೆ ಒಪ್ಪಿದಳು. ಹಕ್ಕಿಯ ಮೈ ಎಣ್ಣೆಯೆಣ್ಣೆಯಾಗಿದೆ, ಹಾಗೆ ಕಳಿಸುವುದು ಸರಿಯಲ್ಲ ಎಂದಳು. ನೇಕಾರರಿಗೆ ಎಣ್ಣೆ ಎಂದರೆ ವೈರಿ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಹಾಸು ಮುಟ್ಟಿದರೆ ನಾನು ಬೈಸಿಕೊಳ್ಳುತ್ತಿದ್ದೆ. ಎಣ್ಣೆಯ ಕಲೆ ಬಿದ್ದ ರೇಷ್ಮೆಯನ್ನು ಅಂಟುವಾಳದ ನೊರೆಯಲ್ಲಿ ಮೆಲ್ಲಗೆ ಹಿಸುಕಿ ತೊಳೆಯುವುದನ್ನು ಅವಳು ಬಾಲ್ಯದಿಂದ ಮಾಡಿದ್ದಳು. ಮರುದಿನ, ಹೊರಡುವ ಬೆಳಿಗ್ಗೆ, ನೀರು ಬೆಚ್ಚಗೆ ಮಾಡಿ, ಅಂಟುವಾಳ ಕಿವುಚಿ, ನೊರೆ ಎಬ್ಬಿಸಿ, ಹಕ್ಕಿಯ ಒಂದೊಂದು ಗರಿಯನ್ನೂ ರೇಷ್ಮೆಯ ಎಳೆಯಂತೆ ಬಿಡಿಸಿ ತೊಳೆದಳು. ಮೂರು ನೀರು ಬದಲಿಸಿದಳು. ಹಕ್ಕಿ ಅವಳ ಕೈಗೆ ಹೊಂದಿಕೊಂಡಿತ್ತು, ಸುಮ್ಮನಿತ್ತು. ಬಿಸಿಲಿಗೆ ಒಣಗಿದ ಮೇಲೆ ಹತ್ತಿಯಂತೆ ಉಬ್ಬಿ ಮಿನುಗಿತು. "ಮದುಮಗಳ ಹಂಗ ಕಾಣತೈತಿ," ಎಂದಳು ಹುಸೇನಬಿ. ಸೀರೆ ತೊಳೆಯಲು ಹೊತ್ತು ಉಳಿಯಲಿಲ್ಲ. ಮಗ್ಗದಿಂದ ಕತ್ತರಿಸಿ ಹಾಗೇ ಸುತ್ತಿಕೊಂಡಳು.

ಟೆಂಪೊ ಓಣಿಯ ಮೇಲಿನ ತಲೆಯಲ್ಲಿ ನಿಂತಿತ್ತು, ನೀರು ಕೆಳಗಿನ ತಲೆಯಲ್ಲಿ. ನಾವು ಮೂವರು ಹೆಂಗಸರು ಹಕ್ಕಿಯನ್ನು ಬುಟ್ಟಿಯಲ್ಲಿಟ್ಟು ಕೆಳಗೆ ಹೋದೆವು. ಮುಳುಗಿದ ಹುಣಸೆಮರದ ನೆತ್ತಿಯಲ್ಲಿ ಕಾಗೆಗಳು ಕೂತಿದ್ದವು. ಅತ್ತೆ ಹುಸೇನಬಿಯ ಹೆಗಲು ಹಿಡಿದು ಮೊಣಕಾಲಿನವರೆಗೆ ಇಳಿದು ಹಕ್ಕಿಯನ್ನು ನೀರ ಮೇಲಿಟ್ಟಳು.

ನೀರಿಗೆ ತಾಕಿದ್ದೇ ಅದು ಬೇರೆಯೇ ಹಕ್ಕಿಯಾಯಿತು. ಬಾಲದ ಹತ್ತಿರದ ಆ ಕಾಲುಗಳು ಹುಟ್ಟು ಹಾಕಿದಂತೆ ನೀರನ್ನು ಹಿಂದಕ್ಕೆ ತಳ್ಳಿದವು. ಸೀದಾ, ಸಲೀಸಾಗಿ, ದೊಡ್ಡ ನೀರಿನ ಕಡೆ ಹೊರಟಿತು. "ಕುಂಟ ಅಲ್ಲ ಖರೆ, ಕುಂಟ ಅಲ್ಲ," ಎಂದು ಅತ್ತೆ ನಗುತ್ತ ಅಳುತ್ತಿದ್ದಳು. ನಾನು ಅಪ್ಪನಿಗೆ ತೋರಿಸಲು ಕೂಗಿದೆ.

ಅಪ್ಪ ಬರುವಷ್ಟರಲ್ಲಿ ಹಕ್ಕಿ ಕುಳ್ಳಾಗಿತ್ತು. ಮೊದಲು ನಮಗೆ ದೂರ ಹೋದದ್ದಕ್ಕೆ ಹಾಗೆ ಕಾಣುತ್ತಿದೆ ಅನಿಸಿತು. ಆದರೆ ಅದು ದೂರ ಹೋಗಿರಲಿಲ್ಲ. ಬೆನ್ನು ನೀರಿನ ಮಟ್ಟಕ್ಕೆ ಇಳಿದಿತ್ತು. ರೆಕ್ಕೆ ಬಿಚ್ಚಲು ನೋಡಿತು. ರೆಕ್ಕೆ ಒದ್ದೆ ಚಿಂದಿಯಂತೆ ಮೈಗೆ ಅಂಟಿತ್ತು. ಕಾಲು ಮಾತ್ರ ತುಳಿಯುತ್ತಲೇ ಇತ್ತು. ಕೊನೆಗೆ ಕತ್ತು, ಕೊಕ್ಕು, ಅದೂ ಇಲ್ಲ. ಕಾಗೆಗಳು ಎದ್ದು ಒಂದು ಸುತ್ತು ಹಾಕಿ ಮತ್ತೆ ಕೂತವು. ಅತ್ತೆ ಇನ್ನೂ ಆಳಕ್ಕೆ ಇಳಿಯಹೋದಳು. ಹುಸೇನಬಿ ಬಿಡಲಿಲ್ಲ.

"ನೀರಿನ ಹಕ್ಕಿ ನೀರಾಗ ಹೆಂಗ ಮುಳಗತೈತಿ?" ಎಂದು ಅತ್ತೆ ಕೇಳಿದಳು. ನನ್ನನ್ನು, ಹುಸೇನಬಿಯನ್ನು, ಅಪ್ಪನನ್ನು.

"ಟೆಂಪೊದಾಂವ ಬೊಬ್ಬಿ ಹೊಡಿಯಾಕ ಹತ್ಯಾನ. ಬಾ ಅಕ್ಕಾ," ಎಂದ ಅಪ್ಪ.

ಅದೇ ಒದ್ದೆ ಸೀರೆಯಲ್ಲಿ ಅವಳು ನವನಗರದ ಮನೆಯ ಹೊಸ್ತಿಲು ದಾಟಿದಳು. ನಡುಮನೆಗೆ ಗೋಡೆಯಿಂದ ಗೋಡೆಗೆ ಪಾಲಿಶ್ ಕಲ್ಲು ಹಾಸಿತ್ತು. ಮುಖ ಕಾಣುವಂಥ ನೆಲ. ಅತ್ತೆ ಗೋಡೆ ಹಿಡಿದು ಕಿಟಕಿಯ ಬಳಿ ಹೋಗಿ ಹಿಮ್ಮಡಿಯಿಂದ ಕುಟ್ಟಿ ನೋಡಿದಳು. ಇನ್ನೊಂದು ಕಡೆ ಕುಟ್ಟಿದಳು. ಎಲ್ಲೋ ಕಲ್ಲಿನ ಕೆಳಗೆ ಮುಚ್ಚಿಟ್ಟಿದ್ದಾನೆ, ಎತ್ತಿದರೆ ಕುಣಿ ಸಿಗುತ್ತದೆ ಎಂದುಕೊಂಡಳೇನೋ.

"ಕುಣಿ ಎಲ್ಲೈತೊ ತಮ್ಮಾ?"

ಅಪ್ಪ ಟೆಂಪೊದಿಂದ ಇಳಿಸಿದ ಸಾಮಾನಿನ ಕಡೆ ನೋಡುತ್ತ ಹೇಳಿದ, "ಈ ಊರಾಗ ನಡುಮನ್ಯಾಗ ಕುಣಿ ಯಾರ ತೋಡ್ತಾರ ಅಕ್ಕಾ? ಬಂದ ಮಂದಿ ಏನಂದಾರು? ಜೀವಮಾನ ಎಲ್ಲಾ ದುಡದಿ. ಇನ್ನ ಆರಾಮ ಕೂಡು."

ಆ ಕಲ್ಲು ಹಾಸಿ ಎಷ್ಟೋ ದಿನವಾಗಿತ್ತು. ಕಿಟಕಿಯ ಪಕ್ಕ ತೋಡಿಸುತ್ತೇನೆ ಎಂದು ವಾರವಾರವೂ ಬಂದು ಹೇಳಿದವನು ಆ ಕಲ್ಲಿನ ಮೇಲೆ ನಡೆದು ಬಂದೇ ಹೇಳಿದ್ದ. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ಇಲ್ಲ.

ಆರಾಮ ಕೂಡು ಎಂದ. ಅವಳಿಗೆ ಕೂಡಲು ಜಾಗವೇ ಇರಲಿಲ್ಲ. ನೆಲದ ಮೇಲೆ ಮೊಣಕಾಲು ಮಡಚುತ್ತಿರಲಿಲ್ಲ, ನುಣುಪು ಕಲ್ಲಿನ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮಗ್ಗದ ಕಟ್ಟಿಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬವಾಯಿತು. ಕೆಲವು ದಿನದ ಮೇಲೆ ಅವಳೇ ಒಂದು ಜಾಗ ಹುಡುಕಿಕೊಂಡಳು. ಮನೆಯ ಮುಂದಿನ ಹೊಸ ಗಟಾರ ಆಗ ಒಣಗಿತ್ತು. ಅದರ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟರೆ ಅಳತೆ ಸರಿಹೋಗುತ್ತಿತ್ತು. ಮಧ್ಯಾಹ್ನವೆಲ್ಲ ಅಲ್ಲಿ ಕೂತು, ಇಲ್ಲದ ಹಲಗೆಯನ್ನು ಒಂದಾದ ಮೇಲೊಂದು ತುಳಿಯುತ್ತಿದ್ದಳು. ಸಾಲಿ ಬಿಟ್ಟು ಬರುವ ಮಕ್ಕಳು ನಿಂತು ನೋಡಿ ನಗುತ್ತಿದ್ದರು. ಅಪ್ಪ ಒಂದು ದಿನ ಗೌಂಡಿಯನ್ನು ಕರೆಸಿ ನಮ್ಮ ಮನೆಯ ಉದ್ದಕ್ಕೂ ಗಟಾರಕ್ಕೆ ಶಹಾಬಾದಿ ಕಲ್ಲು ಮುಚ್ಚಿಸಿದ. ಅವತ್ತಿನಿಂದ ಅವಳು ಒಳಗೆ ಮಂಚದ ಅಂಚಿನಲ್ಲಿ ಕೂತಳು. ತುಳಿಯುವುದು ನಿಂತಿತು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಸುಟ್ಟರೆ ಹೋಗುವುದಿಲ್ಲವೇನೋ. ತೊಳೆದರೆ ಹೋಗುತ್ತದೆ.

ಹಕ್ಕಿ ಯಾಕೆ ಮುಳುಗಿತು ಎಂಬುದು ನನಗೆ ಡಿಗ್ರಿಯ ಕೊನೆಯ ವರ್ಷ, ಕಾಲೇಜಿನ ಗ್ರಂಥಾಲಯದ ಪ್ರಾಣಿಶಾಸ್ತ್ರದ ಪುಸ್ತಕವೊಂದರಲ್ಲಿ ಸಿಕ್ಕಿತು. ನಳಿಕೆಯ ಮೂಗಿನ ಆ ಹಕ್ಕಿಯ ಚಿತ್ರ ಅಲ್ಲಿತ್ತು. ಶಿಯರ್‌ವಾಟರ್ ಎಂದು ಹೆಸರು. ಅದು ಬದುಕನ್ನೆಲ್ಲ ಕಡಲ ಮೇಲೆ ಕಳೆಯುತ್ತದೆ. ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಬಂದು ಬಿಲದೊಳಗೆ ಕೂಡುತ್ತದೆ, ವರ್ಷವರ್ಷವೂ ಅದೇ ಬಿಲಕ್ಕೆ. ಗುಬ್ಬಿಯ ಕಾಲು ಮೈಯ ನಡುವೆ ಇರುವುದು ನಿಲ್ಲಲಿಕ್ಕೆ. ಇದರ ಕಾಲು ಹಿಂದೆ ಇರುವುದು ಈಜಲಿಕ್ಕೆ. ಗುಬ್ಬಿಯ ಮೋಟು ರೆಕ್ಕೆ ಥಟ್ಟನೆ ಏಳಲಿಕ್ಕೆ. ಇದರ ಉದ್ದ ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲಲಿಕ್ಕೆ. ಗುಬ್ಬಿ ಒದ್ದೆಯಾದರೆ ಕೊಡವಿಕೊಂಡು ಸೂರಿಗೆ ಹಾರುತ್ತದೆ; ಇದಕ್ಕೆ ಸೂರು ಇಲ್ಲ. ಹೆದರಿ ಉಗುಳುವ ಎಣ್ಣೆಯಲ್ಲದೆ ಇದರ ಬಾಲದ ಬುಡದಲ್ಲೂ ಎಣ್ಣೆ ಇದೆ; ಅದನ್ನು ಕೊಕ್ಕಿನಿಂದ ತೆಗೆದು ಗರಿಗರಿಗೂ ಹಚ್ಚಿಕೊಳ್ಳುತ್ತದೆ. ಆ ಎಣ್ಣೆ ಇರುವವರೆಗೆ ನೀರು ಒಳಗೆ ಇಳಿಯುವುದಿಲ್ಲ. ಈಗ ನವನಗರದ ಸಾಲಿಯಲ್ಲಿ ಪ್ರತಿವರ್ಷ ಈ ಪಾಠ ಮಾಡುತ್ತೇನೆ. ಎಣ್ಣೆಯ ಮಾತು ಬಂದಾಗ ಬೋರ್ಡಿನ ಕಡೆ ತಿರುಗಿ ಹೇಳುತ್ತೇನೆ.

ಆ ಪುಸ್ತಕ ಓದಿದ ದಿನ ಸಂಜೆ ಮನೆಗೆ ಬಂದಾಗ ಅತ್ತೆ ಮಂಚದ ಅಂಚಿನಲ್ಲಿದ್ದಳು. ಅಪ್ಪ ವರಾಂಡದಲ್ಲಿ ಪೇಪರು ಓದುತ್ತಿದ್ದ. ಹೇಳಬೇಕೋ ಬೇಡವೋ ಎಂದು ನಾನು ಹೊಯ್ದಾಡಿದೆ. ಆದರೆ ಹಕ್ಕಿ ಹೇಗೆ ಮುಳುಗಿತೆಂದು ಇಷ್ಟು ವರ್ಷ ಆಗಾಗ ಕೇಳಿದವಳಿಗೆ ಸುಳ್ಳು ಹೇಳುವುದು, ಅವಳಿಗೆ ಹೇಳಿದ ಸುಳ್ಳುಗಳ ಮೇಲೆ ಮತ್ತೊಂದನ್ನು ಪೇರಿಸಿದಂತೆ. ಹೇಳಿದೆ. ಅವಳು ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

"ಎಣ್ಣಿ ಅದರ ಹೊಲಸಲ್ಲ ಹಂಗಾರ."

"ಅಲ್ಲ ಅತ್ತಿ. ಅದು ಅದರ ಜೀವ."

"ನಾನ ತೊಳದೆ. ಮೂರ ನೀರ ತೊಳದೆ."

"ನಿನಗ ಹೆಂಗ ತಿಳೀಬೇಕಿತ್ತ ಅತ್ತಿ?"

ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ದನಿ ಏರಿಸದೆ, ಇಳಿಸದೆ, ವರಾಂಡಕ್ಕೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು:

"ನಾ ತಿಳೀಲಾರದ ತೊಳದೆ. ಕಲ್ಲ ಹಾಸೂ ಮುಂದ ನಿಮ್ಮಪ್ಪಗ ತಿಳಿದಿತ್ತು."

ಹೊರಗೆ ಪೇಪರಿನ ಹಾಳೆ ತಿರುವುವ ಸದ್ದು ನಿಂತಿತು. ಮುಂದಿನ ಮಳೆಗಾಲಕ್ಕೆ ಅತ್ತೆ ಇರಲಿಲ್ಲ. ಈ ಮನೆಯಲ್ಲಿ ಆ ಮಾತನ್ನು ಮತ್ತೆ ಯಾರೂ ಆಡಲಿಲ್ಲ.

ಸೀರೆಯನ್ನು ಬಿಡಿಸಿ ನೋಡಿದೆ. ಸೆರಗಿನ ಕೆಂಪು ಇನ್ನೂ ಕೆಂಪಾಗಿದೆ. ಕೊಂಡಿಗಳು ಒಂದೂ ಜಾರಿಲ್ಲ. ಮೈ ಅರ್ಧಕ್ಕೆ ನಿಂತಲ್ಲಿ, ಕತ್ತರಿಸಿದ ಹಾಸಿನ ಎಳೆಗಳ ಪಕ್ಕದಲ್ಲಿ, ಎಣ್ಣೆಯ ಕಲೆ ಅಂಗೈಯಗಲ ಹರಡಿದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ನೀರು ಇಂಗಲಿಲ್ಲ, ಗುಂಡಗೆ ನಿಂತು ಉರುಳಿ ಬಿತ್ತು.

"ನೆನಿ ಇಟ್ಟಿಯೇನವಾ?" ಎಂದು ಅಪ್ಪ ಹೊರಗಿನಿಂದ ಮತ್ತೆ ಕೇಳಿದ.

"ಇಲ್ಲಪ್ಪ. ಇದನ್ನ ತೊಳಿಯೂದಿಲ್ಲ."